‘ಮಾಜಿ’ ಅಂದರೆ ಮುಗಿಯಿತೇ? ರಾಷ್ಟ್ರಪತಿ ಅಭ್ಯರ್ಥಿಯ ಲೆಕ್ಕ

ಪ್ರಶ್ನೆ: ಸರ್, ನಾವು ನಾಲ್ಕು ಜನ ನಿವೃತ್ತರು ಬೆಳಿಗ್ಗೆ ವಾಕಿಂಗ್ ಮುಗಿಸಿ ಒಂದೇ ಹೋಟೆಲಿನಲ್ಲಿ ಕಾಫಿಗೆ ಕೂರುತ್ತೇವೆ. 2027ರ ರಾಷ್ಟ್ರಪತಿ ಚುನಾವಣೆಯ ಮಾತು ಬಂತು. ‘ಒಮ್ಮೆ ಅಧಿಕಾರದಿಂದ ಇಳಿದು ಮಾಜಿ ಆದರೆ ಮುಗೀತು, ಅಂಥವರನ್ನು ಯಾರೂ ಅಭ್ಯರ್ಥಿ ಮಾಡಲ್ಲ’ ಅಂತ ಗೆಳೆಯರೊಬ್ಬರ ವಾದ. ‘ಅಲ್ಲಿಗೆ ಹೋಗುವವರೆಲ್ಲ ಮಾಜಿಗಳೇ’ ಅಂತ ನನ್ನದು. ಮಸಾಲೆ ದೋಸೆ ಪಂದ್ಯ ಕಟ್ಟಿದ್ದೇವೆ. ಮಾಜಿ ಪ್ರಧಾನಿ, ಮಾಜಿ ಮುಖ್ಯಮಂತ್ರಿ, ಮಾಜಿ ರಾಷ್ಟ್ರಪತಿ ಇವರಲ್ಲಿ ಯಾರಿಗೆ ನಿಜವಾದ ಅವಕಾಶ ಇರುತ್ತದೆ? ನಮ್ಮ ದೇವೇಗೌಡರ ಹೆಸರೂ ಮಾತಿನಲ್ಲಿ ಬಂತು. ಕನ್ನಡಿಗರೊಬ್ಬರು ಇದುವರೆಗೆ ಯಾಕೆ ರಾಷ್ಟ್ರಪತಿ ಆಗಿಲ್ಲ?

ಉತ್ತರ: ಪಂದ್ಯದಲ್ಲಿ ಮೇಲುಗೈ ನಿಮ್ಮದೇ. ಆದರೂ ದೋಸೆಗೆ ಈಗಲೇ ಆರ್ಡರ್ ಕೊಡಬೇಡಿ, ಓದಿ ಮುಗಿಸಿ.

ರಾಷ್ಟ್ರಪತಿ ಭವನಕ್ಕೆ ಹೋದವರೆಲ್ಲ ಮೊದಲು ಯಾವುದೋ ಹುದ್ದೆ ನೋಡಿ ಬಂದವರೇ. ರಾಜಕೀಯದ ಸೋಂಕೇ ಇಲ್ಲದವರು ಅಂತ ನಾವು ನೆನೆಯುವ ಅಬ್ದುಲ್ ಕಲಾಂ ಕೂಡ ಅದಕ್ಕೆ ಮೊದಲು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿದ್ದರು. ಸೋತವರ ಪಟ್ಟಿ ನೋಡಿದರೂ ಅಷ್ಟೇ: ಮಾಜಿ ಮುಖ್ಯ ನ್ಯಾಯಮೂರ್ತಿ, ಮಾಜಿ ಸ್ಪೀಕರ್, ಮಾಜಿ ಚುನಾವಣಾ ಆಯುಕ್ತ, ಮಾಜಿ ಹಣಕಾಸು ಸಚಿವ. ಹಾಗಾಗಿ ‘ಮಾಜಿ ಆಗಬಹುದೇ’ ಅಂತ ಕೇಳಿದರೆ ಉತ್ತರ ಒಂದು ಸಾಲಿನಲ್ಲಿ ಮುಗಿಯುತ್ತದೆ. ಯಾವ ಮಾಜಿಗೆ ಬಾಗಿಲು ತೆರೆಯುತ್ತದೆ, ಯಾರಿಗೆ ತೆರೆಯುವುದಿಲ್ಲ, ಯಾಕೆ ಅಂತ ಕೇಳಿದರೆ ಮಾತ್ರ ಒಂದು ಲೋಟ ಕಾಫಿ ಸಾಲದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ವ್ಯಕ್ತಿ ಎಷ್ಟು ದೊಡ್ಡ ಕುರ್ಚಿಯಿಂದ ಎದ್ದು ಬಂದರು ಅನ್ನುವುದು ಇಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಮತ ಯಾರ ಕೈಯಲ್ಲಿದೆಯೋ ಅವರಿಗೆ ಈ ವ್ಯಕ್ತಿಯ ಜೊತೆ ಐದು ವರ್ಷ ನಿಶ್ಚಿಂತೆಯಿಂದ ಇರಬಹುದು ಅನ್ನಿಸಬೇಕು. ಹಿಂದಿನ ಕುರ್ಚಿ ದೊಡ್ಡದಾದಷ್ಟೂ, ಅದು ರಾಜಕೀಯದ ಕುರ್ಚಿಯೇ ಆದಷ್ಟೂ ಆ ನಿಶ್ಚಿಂತೆ ಕಡಿಮೆ.

ಕಾನೂನಿನ ಮಾತು ಬೇಗ ಮುಗಿಸೋಣ, ಯಾಕೆಂದರೆ ಅಲ್ಲಿ ದೊಡ್ಡ ಅಡ್ಡಿಯೇನಿಲ್ಲ. ಸಂವಿಧಾನದ 58ನೇ ವಿಧಿ ಕೇಳುವುದು ಮೂರನ್ನು: ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಸ್ಪರ್ಧಿಸುವ ಅರ್ಹತೆ ಇರಬೇಕು. ಗರಿಷ್ಠ ವಯಸ್ಸು ಅಂತ ಇಲ್ಲ. ‘ಲಾಭದಾಯಕ ಹುದ್ದೆ’ಯಲ್ಲಿ ಇರಬಾರದು ಅನ್ನುವ ಷರತ್ತು ಇದೆ. ಆದರೆ ರಾಜ್ಯಪಾಲರು, ಉಪರಾಷ್ಟ್ರಪತಿ, ಕೇಂದ್ರ ಮತ್ತು ರಾಜ್ಯಗಳ ಮಂತ್ರಿಗಳಿಗೆ ಅದೇ ವಿಧಿಯಲ್ಲಿ ವಿನಾಯಿತಿಯೂ ಇದೆ. ಮಾಜಿಗಳಿಗಂತೂ ಆ ಪ್ರಶ್ನೆಯೇ ಏಳುವುದಿಲ್ಲ. ಸಿಕ್ಕಿಹಾಕಿಕೊಳ್ಳುವುದು, ಲೆಕ್ಕಕ್ಕಿಲ್ಲ ಅಂದುಕೊಂಡ ಸಣ್ಣ ಹುದ್ದೆಗಳಲ್ಲಿ. 2012ರಲ್ಲಿ ಪ್ರಣಬ್ ಮುಖರ್ಜಿಯವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಧ್ಯಕ್ಷರಾಗಿದ್ದರು ಅನ್ನುವುದನ್ನೇ ಹಿಡಿದು ಸೋತ ಅಭ್ಯರ್ಥಿ ಸಂಗ್ಮಾ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ವಜಾ ಆಯಿತು, ಆದರೆ ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾಗಿತ್ತು. ಹಣಕಾಸು ಸಚಿವರಾಗಿದ್ದದ್ದು ಅಡ್ಡಿಯಾಗಲಿಲ್ಲ, ಸಂಸ್ಥೆಯೊಂದರ ಗೌರವದ ಕುರ್ಚಿ ಕೋರ್ಟಿನವರೆಗೆ ಎಳೆಯಿತು!

ನಿಜವಾದ ಜರಡಿ ಇರುವುದು ನಾಮಪತ್ರದಲ್ಲಿ. 1997ರಿಂದ 50 ಸೂಚಕರು, 50 ಅನುಮೋದಕರು ಬೇಕು. ಎಲ್ಲರೂ ಮತದಾರರೇ ಆಗಿರಬೇಕು, ಅಂದರೆ ಚುನಾಯಿತ ಸಂಸದರು ಅಥವಾ ಶಾಸಕರು. ಒಬ್ಬರು ಒಂದೇ ನಾಮಪತ್ರಕ್ಕೆ ಸಹಿ ಹಾಕಬಹುದು. ಠೇವಣಿ 15,000 ರೂಪಾಯಿ ಯಾರಿಗೂ ಭಾರವಲ್ಲ, ನೂರು ಸಹಿ ಭಾರ. ಮಾಜಿ ಪ್ರಧಾನಿಯೇ ಆದರೂ ಆ ನೂರು ಜನ ಬೆನ್ನಿಗಿಲ್ಲದೆ ಅಭ್ಯರ್ಥಿ ಆಗಲಾರರು.

ಇನ್ನು ಮತದ ತೂಕ. ಇದನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ವರ್ಷ ಒಬ್ಬ ಹುಡುಗ ಎದ್ದು ನಿಂತು ‘ಸರ್, ಎಂಎಲ್‌ಸಿಗಳಿಗೆ?’ ಅಂತ ಕೇಳುತ್ತಿದ್ದ. ಇಲ್ಲ. ನಮ್ಮ ವಿಧಾನ ಪರಿಷತ್ತಿನ 75 ಜನಕ್ಕೂ ಇಲ್ಲಿ ಮತವಿಲ್ಲ, ರಾಜ್ಯಸಭೆಯ ನಾಮಕರಣ ಸದಸ್ಯರಿಗೂ ಇಲ್ಲ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಅದು ಬಂದದ್ದು 1971ರ ಜನಸಂಖ್ಯೆಯಿಂದ. ಆಗ ರಾಜ್ಯದಲ್ಲಿ ಸುಮಾರು 2 ಕೋಟಿ 93 ಲಕ್ಷ ಜನ. ಅದನ್ನು 224 ಸ್ಥಾನಗಳಿಗೆ ಹಂಚಿ, ಸಾವಿರದಿಂದ ಭಾಗಿಸಿದರೆ 131. ಇಡೀ ವಿಧಾನಸಭೆ ಸೇರಿದರೆ 29,344. ಉತ್ತರ ಪ್ರದೇಶದ ಶಾಸಕರೊಬ್ಬರ ಮತ 208, ಆ ವಿಧಾನಸಭೆಯ ಒಟ್ಟು ತೂಕ 83,824, ನಮ್ಮ ಮೂರರಷ್ಟಕ್ಕೆ ಸ್ವಲ್ಪ ಕಡಿಮೆ. 2022ರಲ್ಲಿ ಇಡೀ ದೇಶದ ಒಟ್ಟು ಮತಮೌಲ್ಯ 10,86,431. ಅದರಲ್ಲಿ ನಮ್ಮ ಶಾಸಕರ ಪಾಲು ನೂರಕ್ಕೆ ಮೂರೂ ಇಲ್ಲ. ‘ಕನ್ನಡಿಗರೊಬ್ಬರು ಯಾಕೆ ಆಗಿಲ್ಲ’ ಅನ್ನುವ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಗೆಳೆಯರ ವಾದವನ್ನು ಒಂದೇ ಏಟಿಗೆ ಉರುಳಿಸುವ ಮನುಷ್ಯನ ಕಥೆ. ಇದರಲ್ಲಿ ಬೆಂಗಳೂರೂ ಬರುತ್ತದೆ.

ನೀಲಂ ಸಂಜೀವ ರೆಡ್ಡಿ ನಮ್ಮ ಗಡಿಯಾಚೆಯ ಅನಂತಪುರ ಜಿಲ್ಲೆಯ ಇಲ್ಲೂರಿನವರು. ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. 1960ರಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಪಕ್ಷದ ಅಧ್ಯಕ್ಷರು ಅವರೇ. ಮತ್ತೆ ಮುಖ್ಯಮಂತ್ರಿ, ಆಮೇಲೆ ಕೇಂದ್ರ ಸಚಿವ, 1967ರಲ್ಲಿ ಲೋಕಸಭೆಯ ಸ್ಪೀಕರ್. ಸ್ಪೀಕರ್ ಆದ ಮೇಲೆ ಪಕ್ಷದ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟವರು. ಅರ್ಹತೆಯ ದೃಷ್ಟಿಯಿಂದ ಇದಕ್ಕಿಂತ ತುಂಬಿದ ಬಯೋಡೇಟಾ ಸಿಗುವುದು ಕಷ್ಟ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಕಾಂಗ್ರೆಸ್ ನಾಯಕರೆಲ್ಲ ಬೆಂಗಳೂರಿಗೆ ಬಂದರು. ಲಾಲ್‌ಬಾಗಿನ ಗಾಜಿನಮನೆಯಲ್ಲಿ ಎಐಸಿಸಿ ಅಧಿವೇಶನ. ನಾವು ಫಲಪುಷ್ಪ ಪ್ರದರ್ಶನಕ್ಕೆ ಸಾಲಿನಲ್ಲಿ ನಿಲ್ಲುವ ಅದೇ ಗಾಜಿನಮನೆ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಅಭ್ಯರ್ಥಿಯನ್ನು ಆರಿಸುವ ಪಾರ್ಲಿಮೆಂಟರಿ ಬೋರ್ಡಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ್ ರಾಮ್ ಅವರ ಹೆಸರು ಮುಂದಿಟ್ಟರು. ಬಹುಮತ ಸಂಜೀವ ರೆಡ್ಡಿಯವರ ಕಡೆ ಹೋಯಿತು. ಕಾಮರಾಜ್, ಮೊರಾರ್ಜಿ, ಎಸ್.ಕೆ. ಪಾಟೀಲರು ಹಾಗೆ ಮಾಡುತ್ತಾರೆ ಅಂತ ಪ್ರಧಾನಿಗೆ ಗೊತ್ತಿತ್ತು. ಗೃಹ ಸಚಿವ ಯಶವಂತರಾವ್ ಚವ್ಹಾಣರೂ ಆ ಕಡೆ ವಾಲಿದ್ದು ಅವರಿಗೆ ಚುಚ್ಚಿತು.

ಮುಂದಿನ ಹತ್ತು ದಿನ ಏನಾಯಿತು ನೋಡಿ. ಜುಲೈ 16ಕ್ಕೆ ಮೊರಾರ್ಜಿಯವರಿಂದ ಹಣಕಾಸು ಖಾತೆ ಹೋಯಿತು. 19ಕ್ಕೆ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಆ ಸುಗ್ರೀವಾಜ್ಞೆಗೆ ಸಹಿ ಹಾಕಿ, ಮರುದಿನ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. (ಗಿರಿಯವರು ಅದಕ್ಕೆ ಮೊದಲು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಆ ಚುನಾವಣೆಯನ್ನು ಯಾವ ಮೂಲೆಯಿಂದ ಹಿಡಿದರೂ ಬೆಂಗಳೂರಿನ ದಾರ ಕೈಗೆ ಸಿಗುತ್ತದೆ.) ರೆಡ್ಡಿಯವರ ನಾಮಪತ್ರಕ್ಕೆ ಪ್ರಧಾನಿಯೇ ಸಹಿ ಹಾಕಿದ್ದರು. ಆಮೇಲೆ ಅವರೇ ‘ಆತ್ಮಸಾಕ್ಷಿಯ ಮತ’ ಹಾಕಿ ಅಂದರು. ನಿಜಲಿಂಗಪ್ಪನವರು ಎರಡನೇ ಪ್ರಾಶಸ್ತ್ಯದ ಮತ (ಇಲ್ಲಿ ಅಭ್ಯರ್ಥಿಗಳ ಮುಂದೆ 1, 2 ಅಂತ ಕ್ರಮ ಬರೆಯುತ್ತಾರೆ, ಅದರಲ್ಲಿ ‘2’) ಕೇಳಲು ಜನಸಂಘ, ಸ್ವತಂತ್ರ ಪಕ್ಷದವರ ಜೊತೆ ಮಾತಾಡಿದ್ದೇ ಇದಕ್ಕೆ ನೆಪವಾಯಿತು.

ಎಣಿಕೆಯ ದಿನ ಆಗಸ್ಟ್ 20. ಇದನ್ನು ನಾನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ ರೀತಿಯಲ್ಲೇ ಹೇಳುತ್ತೇನೆ. ಮೊದಲ ಪ್ರಾಶಸ್ತ್ಯ: ಗಿರಿ 4,01,515. ರೆಡ್ಡಿ 3,13,548. ಮಾಜಿ ಹಣಕಾಸು ಸಚಿವ ಸಿ.ಡಿ. ದೇಶಮುಖ್ 1,12,769. ಉಳಿದವರೆಲ್ಲ ಸೇರಿ ಎಂಟೂವರೆ ಸಾವಿರ. ಸುಮಾರು 88 ಸಾವಿರದ ಮುನ್ನಡೆ ಕಂಡ ಕೂಡಲೇ ಹುಡುಗರೆಲ್ಲ ‘ಗಿರಿ, ಸರ್’ ಅನ್ನುತ್ತಿದ್ದರು. ನಾನು ಆಗ ನಾಲ್ಕನೇ ಸಂಖ್ಯೆ ಬರೆಯುತ್ತಿದ್ದೆ: 4,18,169. ಗೆಲ್ಲಲು ಬೇಕಾದ ಕೋಟಾ. ಅದನ್ನು ಯಾರೂ ಮುಟ್ಟಿಲ್ಲ. ಹಾಗಾದರೆ ಹಿಂದಿನವರನ್ನು ಒಬ್ಬೊಬ್ಬರನ್ನೇ ತೆಗೆದು, ಅವರ ಮತಪತ್ರಗಳಲ್ಲಿ ‘2’ ಅಂತ ಯಾರ ಮುಂದೆ ಬರೆದಿದೆ ನೋಡಬೇಕು. ದೇಶಮುಖರ ಕಟ್ಟು ಬಿಚ್ಚಿದಾಗ ಹೆಚ್ಚಿನವು ರೆಡ್ಡಿಯವರ ಕಡೆಗೇ ಹೊರಟವು. ಎಲ್ಲ ಹಂಚಿಕೆ ಮುಗಿದಾಗ ರೆಡ್ಡಿಯವರಿಗೆ ಹೊಸದಾಗಿ ಬಂದದ್ದು 91,879, ಗಿರಿಯವರಿಗೆ ಬರೀ 18,562. ಅಂತಿಮವಾಗಿ ಗಿರಿ 4,20,077, ರೆಡ್ಡಿ 4,05,427. ಗಿರಿ ಕೋಟಾ ದಾಟಿದ್ದು 1,908ರಿಂದ. ಇವತ್ತಿನ ತೂಕದಲ್ಲಿ ಹೇಳಬೇಕೆಂದರೆ ಕರ್ನಾಟಕದ ಹದಿನೈದು ಶಾಸಕರ ಮತಕ್ಕೂ ಸ್ವಲ್ಪ ಕಡಿಮೆ.

ಎಲ್ಲ ಇದ್ದ ಮನುಷ್ಯ ಸೋತರು. ಆಳುವ ಪಕ್ಷದ ಅಧಿಕೃತ ಅಭ್ಯರ್ಥಿ ಸೋತದ್ದು ಅದೊಂದೇ ಚುನಾವಣೆಯಲ್ಲಿ. ರೆಡ್ಡಿಯವರು ಊರಿಗೆ ಹೋಗಿ ಬೇಸಾಯ ಹಿಡಿದರು. ಆಗ ನಿಮ್ಮ ಗೆಳೆಯರು ಕಾಫಿ ಕುಡಿಯುತ್ತಾ ‘ನೋಡಿ, ಮಾಜಿ ಅಂದರೆ ಮುಗೀತು’ ಅಂದಿದ್ದರೆ ಎದುರಾಡುವವರು ಇರುತ್ತಿರಲಿಲ್ಲ.

1977ರ ಮಾರ್ಚಿನಲ್ಲಿ ಆಂಧ್ರದ 42 ಲೋಕಸಭಾ ಸ್ಥಾನಗಳಲ್ಲಿ 41 ಕಾಂಗ್ರೆಸ್ಸಿಗೆ ಹೋದವು. ಉಳಿದ ಒಂದು, ನಂದ್ಯಾಲ, ಜನತಾ ಪಕ್ಷದ ಸಂಜೀವ ರೆಡ್ಡಿಯವರಿಗೆ. ಮತ್ತೆ ಸ್ಪೀಕರ್. ಅದೇ ವರ್ಷ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡು ರಾಷ್ಟ್ರಪತಿ ಸ್ಥಾನ ತೆರವಾಗಿತ್ತು. ಈ ಸಲ ಜನತಾ ಪಕ್ಷವೂ ಒಪ್ಪಿತು, ಸೋತು ಕೂತಿದ್ದ ಕಾಂಗ್ರೆಸ್ಸೂ ಒಪ್ಪಿತು. 37 ನಾಮಪತ್ರ ಬಂದವು, 36 ತಿರಸ್ಕೃತವಾದವು. ಜುಲೈ 25ಕ್ಕೆ ಪ್ರಮಾಣವಚನ. ಅವಿರೋಧವಾಗಿ ಆಯ್ಕೆಯಾದ ಏಕೈಕ ರಾಷ್ಟ್ರಪತಿ, ಸೋತು ಮತ್ತೆ ಗೆದ್ದ ಏಕೈಕ ರಾಷ್ಟ್ರಪತಿ.

ಎಂಟು ವರ್ಷಗಳಲ್ಲಿ ಮನುಷ್ಯ ಬದಲಾಗಿರಲಿಲ್ಲ. ಬಯೋಡೇಟಾಕ್ಕೆ ಸೇರಿದ್ದು ಒಂದು ಸೋಲು ಮತ್ತು ಒಂದಿಷ್ಟು ಬೇಸಾಯ. 1969ರಲ್ಲಿ ಪ್ರಧಾನಿಗೆ ಅವರು ತನ್ನ ಎದುರಾಳಿಗಳ ಕೈಯ ಅಸ್ತ್ರವಾಗಿ ಕಂಡರು. 1977ರಲ್ಲಿ ಯಾರಿಗೂ ಹಾಗೆ ಕಾಣಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಚೊಕ್ಕ ಪ್ರಯೋಗ ಸಿಗಲಾರದು. ಅಂದ ಹಾಗೆ ಅವರು ತೀರಿಕೊಂಡದ್ದು 1996ರಲ್ಲಿ, ಬೆಂಗಳೂರಿನಲ್ಲೇ. ಸಮಾಧಿ ಇರುವುದು ಕಲ್ಪಳ್ಳಿಯಲ್ಲಿ.

ಹಾಗಾದರೆ ‘ನಿಶ್ಚಿಂತೆ’ ಅಂದೆನಲ್ಲ, ರಾಷ್ಟ್ರಪತಿಗೆ ಅಧಿಕಾರವೇ ಇಲ್ಲದ ಮೇಲೆ ಪ್ರಧಾನಿಗೆ ಚಿಂತೆ ಯಾಕೆ ಅಂತ ಕೇಳಬಹುದು. ಸಂಜೀವ ರೆಡ್ಡಿಯವರ ಅವಧಿಯನ್ನೇ ನೋಡಿ. 1979ರಲ್ಲಿ ಮೊರಾರ್ಜಿ ಸರ್ಕಾರ ಬಿದ್ದಾಗ ಯಾರನ್ನು ಕರೆಯಬೇಕು, ಲೋಕಸಭೆ ವಿಸರ್ಜಿಸಬೇಕೇ ಬೇಡವೇ ಎಂಬ ತೀರ್ಮಾನ ಅವರ ಮೇಜಿಗೆ ಬಂತು. ಜೈಲ್ ಸಿಂಗ್ ಇಂದಿರಾರ ನಂಬಿಕಸ್ಥ ಗೃಹ ಸಚಿವರಾಗಿದ್ದವರು. ಅಲ್ಲಿ ಹೋಗಿ ಕೂತ ಮೇಲೆ ರಾಜೀವ್ ಗಾಂಧಿ ಸರ್ಕಾರದ ಅಂಚೆ ಕಚೇರಿ ತಿದ್ದುಪಡಿ ಮಸೂದೆಗೆ ಸಹಿ ಹಾಕದೆ ಹಾಗೇ ಇಟ್ಟುಕೊಂಡರು. ಬಹುಮತ ಗಟ್ಟಿಯಿದ್ದಾಗ ಆ ಕುರ್ಚಿ ಅಲಂಕಾರದ್ದು. ಬಹುಮತ ಅಲುಗಾಡಿದ ದಿನ ಅದರ ಬೆಲೆ ಗೊತ್ತಾಗುತ್ತದೆ. ಅದಕ್ಕೇ ಅಲ್ಲಿ ಯಾರನ್ನು ಕೂರಿಸಬೇಕು ಅನ್ನುವಾಗ ಅಷ್ಟು ಅಳೆದು ತೂಗುವುದು.

ಪ್ರಧಾನಿ ಬಯಸಿದವರೇ ಆಗುತ್ತಾರೆ ಅಂತಲೂ ಇಲ್ಲ. ರಾಜಗೋಪಾಲಾಚಾರಿಯವರು ಗವರ್ನರ್ ಜನರಲ್ ಆಗಿದ್ದವರು, ಗಣರಾಜ್ಯವಾದಾಗ ಅದೇ ಮನೆಯಲ್ಲಿ ಮುಂದುವರಿದರೆ ಸಾಕಿತ್ತು. ನೆಹರೂ ಅವರ ಮನಸ್ಸೂ ಅದೇ. ಆದರೆ 1942ರ ಚಳವಳಿಯಿಂದ ರಾಜಾಜಿ ದೂರ ನಿಂತದ್ದನ್ನು ಪಕ್ಷದವರು ಮರೆತಿರಲಿಲ್ಲ. ರಾಜೇಂದ್ರ ಪ್ರಸಾದರು ಬಂದರು. ಅಲ್ಲಿಯೂ ಮತ ಇದ್ದವರದೇ ಮಾತು ನಡೆಯಿತು ಅನ್ನಿ.

ಈಗ ಯಾವ ಹುದ್ದೆಯಿಂದ ಬಂದರೆ ಹೇಗೆ ಅನ್ನುವುದಕ್ಕೆ ಬರೋಣ. ಬಹಳ ಜನ ಉಪರಾಷ್ಟ್ರಪತಿ ಸ್ಥಾನವನ್ನು ಹಿಂದಿನ ಮೆಟ್ಟಿಲು ಅಂದುಕೊಂಡಿದ್ದಾರೆ. ಒಂದು ಕಾಲಕ್ಕೆ ಹೌದು. ರಾಧಾಕೃಷ್ಣನ್, ಜಾಕಿರ್ ಹುಸೇನ್, ಗಿರಿ, ವೆಂಕಟರಾಮನ್, ಶಂಕರ ದಯಾಳ್ ಶರ್ಮಾ, ಕೆ.ಆರ್. ನಾರಾಯಣನ್, ಆರು ಜನ ಆ ಮೆಟ್ಟಿಲು ಹತ್ತಿದರು. ಕೊನೆಯವರು ಹತ್ತಿದ್ದು 1997ರಲ್ಲಿ. ಅಲ್ಲಿಂದೀಚೆ ಒಬ್ಬರೂ ಇಲ್ಲ. ಭೈರೋನ್ ಸಿಂಗ್ ಶೆಖಾವತ್ 2007ರಲ್ಲಿ ಉಪರಾಷ್ಟ್ರಪತಿಯಾಗಿದ್ದುಕೊಂಡೇ ನಿಂತು ಪ್ರತಿಭಾ ಪಾಟೀಲರ ಎದುರು ಸೋತರು. ನಮ್ಮ ರಾಜ್ಯದಿಂದ ರಾಜ್ಯಸಭೆಗೆ ಹೋಗುತ್ತಿದ್ದ ವೆಂಕಯ್ಯ ನಾಯ್ಡು ಅವರ ಹೆಸರು 2022ರಲ್ಲಿ ಚೆನ್ನಾಗಿಯೇ ಓಡಾಡಿತು, ಟಿಕೆಟ್ ಬರಲಿಲ್ಲ.

ಈಗ ಸಲೀಸಾಗಿರುವುದು ರಾಜ್ಯಪಾಲರ ದಾರಿ. ಪ್ರತಿಭಾ ಪಾಟೀಲ್ ರಾಜಸ್ಥಾನದಿಂದ, ರಾಮನಾಥ ಕೋವಿಂದ್ ಬಿಹಾರದಿಂದ, ದ್ರೌಪದಿ ಮುರ್ಮು ಜಾರ್ಖಂಡಿನಿಂದ. ನಿಮ್ಮ ಪ್ರಶ್ನೆಗೆ ಮುರ್ಮು ಅವರ ಉದಾಹರಣೆ ಹೆಚ್ಚು ಹೊಂದುತ್ತದೆ, ಯಾಕೆಂದರೆ ಅವರು ಆಗ ನಿಜವಾದ ಮಾಜಿ. 2021ರ ಜುಲೈನಲ್ಲಿ ಅವಧಿ ಮುಗಿಸಿ ಒಡಿಶಾದ ರಾಯರಂಗಪುರದ ಮನೆಗೆ ಹೋಗಿ ಹತ್ತಿರ ಹತ್ತಿರ ವರ್ಷವಾಗಿತ್ತು. 2022ರ ಜೂನ್ 21ರ ರಾತ್ರಿ ಹೆಸರು ಘೋಷಣೆಯಾಯಿತು. ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಊರಿನ ಶಿವಾಲಯದ ಅಂಗಳ ಗುಡಿಸುತ್ತಿದ್ದ ದೃಶ್ಯವನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಎದುರಿಗಿದ್ದವರು ಹಣಕಾಸು, ವಿದೇಶಾಂಗ ಎರಡೂ ಖಾತೆ ನೋಡಿಕೊಂಡಿದ್ದ ಯಶವಂತ ಸಿನ್ಹಾ. ಬಯೋಡೇಟಾ ಉದ್ದ ಯಾರದು ಅಂತ ಕೇಳಿದರೆ ಸಿನ್ಹಾ ಅವರದೇ. ಮತ: ಮುರ್ಮು 6,76,803, ಸಿನ್ಹಾ 3,80,177. ಸಿನ್ಹಾ ಅವರಿಗಿಂತ ಮೊದಲು ವಿರೋಧ ಪಕ್ಷಗಳು ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಮೂವರನ್ನೂ ಕೇಳಿದ್ದವು. ಮೂವರೂ ಒಲ್ಲೆ ಅಂದರು. ಲೆಕ್ಕ ಬಲ್ಲವರು ಸೋಲುವ ಟಿಕೆಟ್ಟನ್ನು ಮುಟ್ಟುವುದಿಲ್ಲ.

ವಿರೋಧ ಪಕ್ಷಗಳಿಗೆ ಮೊದಲಿನಿಂದಲೂ ಮಾಜಿ ನ್ಯಾಯಮೂರ್ತಿಗಳ ಮೇಲೆ ಒಲವು. ಕೆ. ಸುಬ್ಬರಾವ್ 1967ರಲ್ಲಿ, ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡುವಂತಿಲ್ಲ ಅಂದ ಗೋಲಕನಾಥ್ ತೀರ್ಪು ಕೊಟ್ಟ ಕೆಲವೇ ವಾರಗಳಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಥಾನ ಬಿಟ್ಟು ಕಣಕ್ಕಿಳಿದು 3,63,971 ಮತ ಪಡೆದರು. ಗೆದ್ದ ಜಾಕಿರ್ ಹುಸೇನರದು 4,71,244. ಅದು ಗೌರವದ ಹೋರಾಟ. ತುರ್ತುಪರಿಸ್ಥಿತಿಯಲ್ಲಿ ಒಬ್ಬರೇ ಭಿನ್ನ ತೀರ್ಪು ಬರೆದ ಎಚ್.ಆರ್. ಖನ್ನಾ 1982ರಲ್ಲಿ, ಕೃಷ್ಣ ಅಯ್ಯರ್ 1987ರಲ್ಲಿ ದೊಡ್ಡ ಅಂತರದಿಂದ ಸೋತರು. 2025ರ ಉಪರಾಷ್ಟ್ರಪತಿ ಚುನಾವಣೆಯಲ್ಲೂ ಅದೇ ಪದ್ಧತಿ, ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ ಸುದರ್ಶನ ರೆಡ್ಡಿ. ಮತ ಇಲ್ಲದಾಗ ಹೆಸರಿನ ತೂಕದಿಂದ ತಕ್ಕಡಿ ಸರಿದೂಗಿಸುವ ಪ್ರಯತ್ನ ಇದು. ನಾನಿದನ್ನು ತಪ್ಪು ಅನ್ನುವುದಿಲ್ಲ, ಗೆಲ್ಲುವ ದಾರಿ ಅಂತಲೂ ಅನ್ನಲಾರೆ. ಮಾಜಿ ಸ್ಪೀಕರ್‌ಗಳಾದ ಸಂಗ್ಮಾ, ಮೀರಾ ಕುಮಾರ್ ಅವರದೂ ಇದೇ ಕಥೆ. ಇನ್ನು ಟಿ.ಎನ್. ಶೇಷನ್. ಇಡೀ ದೇಶದ ರಾಜಕಾರಣಿಗಳನ್ನು ಗಡಗಡ ನಡುಗಿಸಿದ ಚುನಾವಣಾ ಆಯುಕ್ತರು 1997ರಲ್ಲಿ ಅದೇ ರಾಜಕಾರಣಿಗಳ ಮತ ಕೇಳಲು ಹೋದರು. ಸಿಕ್ಕಿದ್ದು 50,631. ನಾರಾಯಣನ್ ಅವರಿಗೆ 9,56,290. ಠೇವಣಿಯೂ ಉಳಿಯಲಿಲ್ಲ. ನೇರವಾಗಿ ಜನರೇ ಮತ ಹಾಕುವ ಚುನಾವಣೆಯಾಗಿದ್ದರೆ ಫಲಿತಾಂಶ ಬೇರೆಯೇ ಇರುತ್ತಿತ್ತೇನೋ. ಆದರೆ ಇಲ್ಲಿನ ಮತದಾರರು ಅವರಿಂದ ಬೈಸಿಕೊಂಡವರೇ.

ಮಾಜಿ ರಾಷ್ಟ್ರಪತಿ ಮತ್ತೆ ಬರಬಹುದೇ? 57ನೇ ವಿಧಿ ಎಷ್ಟು ಸಲ ಅಂತಲೂ ಮಿತಿ ಹಾಕಿಲ್ಲ. ಎರಡು ಸಲ ಆಯ್ಕೆಯಾದವರು ರಾಜೇಂದ್ರ ಪ್ರಸಾದ್ ಒಬ್ಬರೇ, ಅದೂ ಕುರ್ಚಿ ಬಿಡದೆ. ಬಿಟ್ಟು ಹೋದವರು ಮರಳಿ ಬರುವ ಹತ್ತಿರಕ್ಕೆ ಹೋಗಿದ್ದು ಕಲಾಂ. 2012ರ ಜೂನ್‌ನಲ್ಲಿ ಮಮತಾ ಬ್ಯಾನರ್ಜಿ, ಮುಲಾಯಂ ಸಿಂಗ್ ಜೊತೆಯಾಗಿ ಮೂರು ಹೆಸರು ತೇಲಿಬಿಟ್ಟರು: ಕಲಾಂ, ಸೋಮನಾಥ ಚಟರ್ಜಿ, ಆಗ ಹಾಲಿ ಪ್ರಧಾನಿಯಾಗಿದ್ದ ಮನಮೋಹನ್ ಸಿಂಗ್! ಕೆಲವೇ ದಿನಗಳಲ್ಲಿ ಮುಲಾಯಂ ಪ್ರಣಬ್ ಪಾಳಯ ಸೇರಿದರು. ಜೂನ್ 18ಕ್ಕೆ ಕಲಾಂ ತಾವು ನಿಲ್ಲುವುದಿಲ್ಲ ಅಂದರು. ದೇಶದಲ್ಲಿ ಅವರಷ್ಟು ಜನಪ್ರೀತಿ ಇದ್ದ ಮಾಜಿ ಇನ್ನೊಬ್ಬರಿರಲಿಲ್ಲ. ಶಾಲಾ ಮಕ್ಕಳಿಗೆ ಮತವಿರಲಿಲ್ಲ, ಅಷ್ಟೇ.

ಇನ್ನು ಮಾಜಿ ಪ್ರಧಾನಿ. ಇದುವರೆಗೆ ಒಬ್ಬರೂ ಆ ಸ್ಥಾನಕ್ಕೆ ಹೋಗಿಲ್ಲ. ಕಾರಣ ಮೇಲೆ ಹೇಳಿದ್ದೇ. ಸಂಪುಟ ನಡೆಸಿ ಗೊತ್ತಿರುವವರು, ಕಡತ ಓದಿದರೆ ಎಲ್ಲಿ ಏನು ಅಡಗಿದೆ ಅಂತ ಬಲ್ಲವರು ಮೇಲೆ ಕೂತಿದ್ದರೆ ಯಾವ ಪ್ರಧಾನಿಗೂ ನಿದ್ದೆ ಸರಿಯಾಗಿ ಬರಲಿಕ್ಕಿಲ್ಲ. ದೇವೇಗೌಡರ ವಿಚಾರ ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಕಾನೂನಿನಲ್ಲಿ ಅಡ್ಡಿಯಿಲ್ಲ. 1933ರಲ್ಲಿ ಹುಟ್ಟಿದವರು, 2027ರ ಜುಲೈಗೆ 94. ಇದುವರೆಗೆ ಈ ಹುದ್ದೆಗೆ ಬಂದವರೆಲ್ಲ ಪ್ರಮಾಣವಚನದ ದಿನ ಎಂಬತ್ತರೊಳಗಿದ್ದರು. ಅವರ ಪಕ್ಷ 2023ರ ವಿಧಾನಸಭೆಯಲ್ಲಿ ಗೆದ್ದದ್ದು 19, ನಾಮಪತ್ರದ ನೂರು ಸಹಿಗೂ ಮಿತ್ರರ ಮುಖ ನೋಡಬೇಕು. ಎನ್‌ಡಿಎ ಜೊತೆಗಿರುವುದರಿಂದ ಮಿತ್ರರೇನೋ ಇದ್ದಾರೆ. ಆದರೆ ದೊಡ್ಡ ಪಾಲುದಾರರು ಇಂಥ ಕುರ್ಚಿಯನ್ನು ಚಿಕ್ಕ ಪಾಲುದಾರರಿಗೆ ಬಿಟ್ಟುಕೊಟ್ಟ ಉದಾಹರಣೆ ನನಗೆ ಹುಡುಕಿದರೂ ಸಿಗುವುದಿಲ್ಲ. ಗೆಲ್ಲಬಲ್ಲ ಅಭ್ಯರ್ಥಿಯಾಗುವ ಸಾಧ್ಯತೆ ತೀರಾ ಕಡಿಮೆ ಅನ್ನುವುದು ನನ್ನ ಅಂದಾಜು. ಅದು ಅವರ ಯೋಗ್ಯತೆಯ ಬಗೆಗಿನ ಮಾತಲ್ಲ.

ಕನ್ನಡಿಗರು ಯಾಕಿಲ್ಲ ಅನ್ನುವ ಪ್ರಶ್ನೆಯ ಉಳಿದರ್ಧ ಬಾಕಿಯಿದೆ. ಒಬ್ಬರು ಆ ಮನೆಯೊಳಗೆ ಹೋಗಿ ಬಂದಿದ್ದಾರೆ, ಹಂಗಾಮಿಯಾಗಿ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು ಪುರಸಭೆಯಿಂದ ಶುರು ಮಾಡಿ ಮೈಸೂರು ರಾಜ್ಯದ ಮುಖ್ಯಮಂತ್ರಿ, ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒಡಿಶಾದ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ. ಒಂದು ಮೆಟ್ಟಿಲನ್ನೂ ಹಾರಿ ಹೋದವರಲ್ಲ. 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿ. ಆ ಏಪ್ರಿಲಿನಲ್ಲಿ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಕಡತ ಕಳಿಸಿದಾಗ ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ, ಯೋಚನೆಗೆ ಸಮಯ ತೆಗೆದುಕೊಂಡರು. ಕೊನೆಗೆ ಹಾಕಿದರು. ಆದರೆ ದೆಹಲಿಯಲ್ಲಿ ಆ ಒಂದೆರಡು ದಿನ ಗದ್ದಲವೋ ಗದ್ದಲ. ಮುಂದೆ ಅಭ್ಯರ್ಥಿ ಹುಡುಕುವಾಗ, ಕಾಂಗ್ರೆಸ್ ಆರಿಸಿ ತಂದಿದ್ದ, ಪೆನ್ನು ಹಿಡಿದು ತಡಮಾಡಿದ್ದ ಮನುಷ್ಯನ ಹೆಸರು ಜನತಾ ನಾಯಕರ ನಾಲಿಗೆಗೆ ಬರಲಿಲ್ಲ. ಅಳತೆಗೋಲು ಅದೇ ನೋಡಿ.

ಇನ್ನೊಂದು ಮಾತು, ನಮ್ಮ ಶಾಸಕರ ಬಗ್ಗೆ. ಈ ಚುನಾವಣೆಗೆ ವಿಪ್ ಇಲ್ಲ, ಅಂದರೆ ಇಂಥವರಿಗೇ ಮತ ಹಾಕಿ ಅಂತ ಪಕ್ಷ ಆದೇಶ ಕೊಡುವಂತಿಲ್ಲ. ಮತ ಗುಪ್ತ. ವಿಧಾನಸೌಧದಲ್ಲಿ ಶಾಸಕರ ಕೈಗೆ ಗುಲಾಬಿ ಬಣ್ಣದ ಮತಪತ್ರ ಕೊಡುತ್ತಾರೆ, ಆಯೋಗವೇ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲಿ 1, 2 ಅಂತ ಬರೆಯಬೇಕು. ಸ್ವಂತ ಪೆನ್ನಿನಲ್ಲಿ ಬರೆದರೆ ಮತ ಅಸಿಂಧು. ಆ ಮರೆಯಲ್ಲಿ ಏನೇನೋ ಆಗುತ್ತದೆ. 2012ರಲ್ಲಿ ಇಲ್ಲಿ ಬಿಜೆಪಿ ಸರ್ಕಾರ, ಆ ಪಕ್ಷದ ಬೆಂಬಲ ಸಂಗ್ಮಾ ಅವರಿಗೆ. ಪೆಟ್ಟಿಗೆ ತೆರೆದಾಗ ಕರ್ನಾಟಕದಲ್ಲಿ ಪ್ರಣಬ್‌ಗೆ 117, ಸಂಗ್ಮಾಗೆ 103. ಮುಖ್ಯಮಂತ್ರಿ ಬದಲಾಗಿ ಒಂದು ವಾರವಷ್ಟೇ ಆಗಿತ್ತು. ಒಳಗಿನ ಸಿಟ್ಟು ಅಲ್ಲಿ ಹೊರಬಿತ್ತು. ಅಭ್ಯರ್ಥಿ ಯಾರು ಅನ್ನುವುದರ ಜೊತೆಗೆ ಮತದಾರರ ಮನೆಯೊಳಗಿನ ಜಗಳವೂ ಸಂಖ್ಯೆ ಬದಲಿಸುತ್ತದೆ ಅನ್ನುವುದಕ್ಕೆ ಇದನ್ನು ಹೇಳಿದೆ.

2027ಕ್ಕೆ ಏನನ್ನು ಗಮನಿಸಬೇಕು ಅಂತ ಕೇಳಿದರೆ, ಹೆಸರುಗಳ ಹಿಂದೆ ಹೋಗಬೇಡಿ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಉತ್ತರ ಪ್ರದೇಶದ ವಿಧಾನಸಭಾ ಚುನಾವಣೆ ಬರುತ್ತದೆ, ಆ 83,824 ಮತಗಳು ಯಾರ ಕಡೆ ಹೇಗೆ ಹಂಚಿಕೆಯಾದವು ನೋಡಿ. ಆಳುವ ಕೂಟಕ್ಕೆ ಸ್ವಂತ ಬಲದ ಮೇಲೆ ಅರ್ಧ ದಾಟುವ ಧೈರ್ಯ ಬಂದರೆ, ಯಾರೂ ಊಹಿಸದ ಮಾಜಿ ರಾಜ್ಯಪಾಲರೊಬ್ಬರ ಮನೆಗೆ ಒಂದು ರಾತ್ರಿ ಫೋನ್ ಹೋಗಬಹುದು. ಧೈರ್ಯ ಸಾಲದೆ ಇತರರ ಮತ ಬೇಕಾದರೆ ಮಾತ್ರ ಎಲ್ಲರಿಗೂ ಒಪ್ಪಿಗೆಯಾಗುವ ಹಳಬರ ಹುಡುಕಾಟ ಶುರುವಾಗುತ್ತದೆ. ಆಗ ಮಾಜಿ ಮುಖ್ಯಮಂತ್ರಿಗಳ, ಮಾಜಿ ಸ್ಪೀಕರ್‌ಗಳ ದಿನ. ಟಿವಿಯಲ್ಲಿ ಮೇ ತಿಂಗಳಿಂದಲೇ ಓಡುವ ಹೆಸರುಗಳಲ್ಲಿ ನನಗಂತೂ ನಂಬಿಕೆಯಿಲ್ಲ. ಕೋವಿಂದ್ ಅವರ ಹೆಸರನ್ನು 2017ರಲ್ಲಿ ನಾನೂ ಊಹಿಸಿರಲಿಲ್ಲ, ಆ ಜೂನ್‌ನಲ್ಲಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕಟ್ಟಿದ ಪಂದ್ಯದಲ್ಲಿ ಇನ್ನೂರು ರೂಪಾಯಿ ಕಳೆದುಕೊಂಡೆ.

ನಿಮ್ಮ ಪಂದ್ಯಕ್ಕೆ ಬಂದರೆ, ಗೆದ್ದವರು ನೀವೇ. ಆದರೆ ನಿಮ್ಮ ಗೆಳೆಯರು ಈ ಉತ್ತರ ಓದಿ ‘ಸೋತು ಮತ್ತೆ ಗೆದ್ದವರು ಒಬ್ಬರೇ ಅಲ್ಲವಾ? ಮಾಜಿ ಪ್ರಧಾನಿ ಒಬ್ಬರೂ ಇಲ್ಲವಲ್ಲ?’ ಅಂತ ತಕರಾರು ತೆಗೆದೇ ತೆಗೆಯುತ್ತಾರೆ. ಅದರಲ್ಲೂ ಹುರುಳಿದೆ. ದೋಸೆ ಅವರು ಕೊಡಿಸಲಿ, ಆವತ್ತಿನ ಕಾಫಿ ಬಿಲ್ಲು ನೀವು ಕೊಡಿ.